ದೋಣಿ ಎಂಜಿನ್ ಪವರ್ ಹೆಚ್ಚಿಸಿದರೆ ವೇಗ ಎಷ್ಟು ಸಿಗುತ್ತೆ? ಹೂಗ್ಲಿ ನದಿಯ ‘ಭುಟ್‌ಭುಟಿ’ ಹೇಳುವ ಲೆಕ್ಕ

ಕೋಲ್ಕತ್ತಾ: ಬೈಕ್‌ನ ಸೈಲೆನ್ಸರ್ ಬದಲಿಸಿ, ಕಾರಿನ ಇಸಿಯು ‘ರೀಮ್ಯಾಪ್’ ಮಾಡಿಸಿ ವೇಗ ಹೆಚ್ಚಿಸಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ಇದೇ ಹುಚ್ಚು ದೋಣಿಗಳಿಗೂ ಇದೆ. ಆದರೆ ರಸ್ತೆಯಲ್ಲಿ ಎಂಜಿನ್ ಕೈಕೊಟ್ಟರೆ ಗಾಡಿಯನ್ನು ಬದಿಗೆ ತಳ್ಳಬಹುದು, ನದಿಯ ನಡುವೆ ಬದಿ ಎಲ್ಲಿದೆ?

ಕೋಲ್ಕತ್ತಾ ಆಸುಪಾಸಿನ ಘಾಟ್‌ಗಳಿಂದ ಸುಂದರಬನದವರೆಗೆ ಓಡಾಡುವ ‘ಭುಟ್‌ಭುಟಿ’ ದೋಣಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮರದ ನಾಡದೋಣಿಗೆ ಹೊಲಕ್ಕೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್‌ನಂಥ ಎಂಜಿನ್ ಕೂರಿಸಿ ಮಾಡಿದ ಜುಗಾಡ್ ಇದು. ಎಂಜಿನ್ ಮಾಡುವ ಸದ್ದೇ ಅದರ ಹೆಸರು. ಅಂದರೆ ದೋಣಿಗೆಂದು ತಯಾರಾಗದ ಎಂಜಿನ್ ಮೊದಲ ದಿನದಿಂದಲೇ ಮಾರ್ಪಾಡಾಗಿ ನೀರಿಗಿಳಿದಿರುತ್ತದೆ.

ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ?

ಡೀಸೆಲ್ ಎಂಜಿನ್ ಎಷ್ಟು ಜೋರಾಗಿ ತಿರುಗಬಹುದು ಎಂಬುದಕ್ಕೆ ‘ಗವರ್ನರ್’ ಎಂಬ ಭಾಗ ಕಡಿವಾಣ ಹಾಕುತ್ತದೆ. ವೇಗ ಬೇಕೆನ್ನುವವರು ಮೊದಲು ಕೈಹಾಕುವುದು ಇಲ್ಲಿಗೆ, ಆಮೇಲೆ ಇಂಧನ ಪಂಪ್‌ನ ಸ್ಕ್ರೂಗೆ. ನಮ್ಮ ರೈತರ ಪಂಪ್‌ಸೆಟ್ ಎಂಜಿನ್‌ಗಳಲ್ಲಿ ಹಲವು ನಿಮಿಷಕ್ಕೆ 1500 ಸುತ್ತು ತಿರುಗುವಂಥವು. ಅದನ್ನು 1800ಕ್ಕೆ ಏರಿಸಿದರೆ ಹೆಚ್ಚಿದ್ದು ಶೇ 20 ಮಾತ್ರ ಅನ್ನಿಸಬಹುದು. ಆದರೆ ಮೇಲೆ ಕೆಳಗೆ ಆಡುವ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳ ಎಳೆತ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅವುಗಳ ಮೇಲಿನ ಹೊರೆ ಶೇ 44ರಷ್ಟು ಹೆಚ್ಚುತ್ತದೆ. ಡೀಸೆಲ್ ಹೆಚ್ಚು ಬಿಟ್ಟು ಗಾಳಿ ಅಷ್ಟೇ ಇದ್ದರೆ ಕಪ್ಪು ಹೊಗೆ, ಮಿತಿಮೀರಿದ ಶಾಖ.

ಕಾರಿನ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವುದು ಓವರ್‌ಟೇಕ್ ಮಾಡುವ ಕೆಲವು ಸೆಕೆಂಡು ಮಾತ್ರ. ದೋಣಿಗೆ ಇಳಿಜಾರಿಲ್ಲ, ನ್ಯೂಟ್ರಲ್‌ನಲ್ಲಿ ಉರುಳುವ ಸುಖವೂ ಇಲ್ಲ. ತುಂಬಿದ ಬಸ್ಸು ದಿನವಿಡೀ ಆಗುಂಬೆ ಘಾಟಿ ಹತ್ತುತ್ತಲೇ ಇದ್ದರೆ ಹೇಗೋ ಹಾಗೆ! ಇದರ ಜೊತೆಗೆ ಹೂಗ್ಲಿಯದು ಕೆಸರು ನೀರು. ನದಿ ನೀರನ್ನೇ ಎಳೆದು ತಂಪಾಗುವ ಎಂಜಿನ್‌ಗಳಲ್ಲಿ ಹೂಳು ಪಂಪ್‌ನ ಇಂಪೆಲ್ಲರ್ ಸವೆಸುತ್ತದೆ, ಕೊಳವೆ ಕಟ್ಟಿಸುತ್ತದೆ. ಮೊದಲೇ ಬಿಸಿಯಾಗಿರುವ ಎಂಜಿನ್‌ಗೆ ತಂಪೂ ತಪ್ಪಿದರೆ ಹೆಡ್ ಗ್ಯಾಸ್ಕೆಟ್ ಹೋಗುವುದು, ಪಿಸ್ಟನ್ ಹಿಡಿದುಕೊಳ್ಳುವುದು ಖಚಿತ.

ಸಿಗುವ ಲಾಭ ಎಷ್ಟು?

ಬೇಸರದ ಸಂಗತಿ ಎಂದರೆ ಇಷ್ಟೆಲ್ಲ ಮಾಡಿಯೂ ವೇಗ ಹೆಚ್ಚು ಸಿಗುವುದಿಲ್ಲ. ಭುಟ್‌ಭುಟಿಯಂಥ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಒಂದು ಹಂತದ ನಂತರ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಹೆಣಗುತ್ತದೆ. ಈ ಮಿತಿ ಎಂಜಿನ್‌ನದ್ದಲ್ಲ, ದೋಣಿಯ ಉದ್ದದ್ದು. ನೀರಿನ ಮಟ್ಟದಲ್ಲಿ 25 ಅಡಿ ಉದ್ದವಿರುವ ದೋಣಿಗೆ ಅದು ಗಂಟೆಗೆ ಸುಮಾರು 12 ಕಿ.ಮೀ. ಅಲ್ಲಿಂದ ಶೇ 10ರಷ್ಟು ವೇಗ ಹೆಚ್ಚಿಸಲು ಕಡಿಮೆಯೆಂದರೂ ಮೂರನೇ ಒಂದು ಭಾಗದಷ್ಟು ಹೆಚ್ಚುವರಿ ಶಕ್ತಿ ಬೇಕು.

ಹೌರಾ ಸೇತುವೆಯ ಎರಡು ಗೋಪುರಗಳ ನಡುವಿನ ಅಂತರ ಸುಮಾರು 457 ಮೀಟರ್. 12 ಕಿ.ಮೀ ವೇಗದಲ್ಲಿ ಅಷ್ಟು ದೂರ ದಾಟಲು 2 ನಿಮಿಷ 17 ಸೆಕೆಂಡು ಬೇಕು. ವೇಗ ಶೇ 10ರಷ್ಟು ಹೆಚ್ಚಿದರೆ ಉಳಿಯುವುದು ಸುಮಾರು 12 ಸೆಕೆಂಡು! ಇದಕ್ಕಾಗಿ ಎಂಜಿನ್ ಆಯುಸ್ಸು ಪಣಕ್ಕಿಡಬೇಕೇ?

ನೀರಿನ ಮೇಲೆದ್ದು ಜಾರುವ ಸ್ಪೀಡ್‌ಬೋಟ್‌ಗಳ ಕಥೆ ಸ್ವಲ್ಪ ಬೇರೆ. ಅಲ್ಲೂ ತೂಕ ಅಷ್ಟೇ ಇದ್ದು ಅಶ್ವಶಕ್ತಿ ದುಪ್ಪಟ್ಟಾದರೆ ವೇಗ ಹೆಚ್ಚುವುದು ಶೇ 40ರಷ್ಟೇ. 100 ಎಚ್‌ಪಿ ಎಂಜಿನ್‌ನಲ್ಲಿ 50 ಕಿ.ಮೀ ಓಡುವ ಬೋಟ್, 110 ಎಚ್‌ಪಿಗೆ ಏರಿಸಿದರೆ 52 ದಾಟಿದರೆ ಹೆಚ್ಚು. ವಾರಂಟಿ ಮಾತ್ರ ಅಂದೇ ಹೋಗುತ್ತದೆ. ಇದಕ್ಕಿಂತ ತಳಕ್ಕೆ ಅಂಟಿದ ಪಾಚಿ, ಚಿಪ್ಪು ಕೆರೆಸಿ, ಬೇಡದ ಭಾರ ಇಳಿಸಿ, ಸರಿಯಾದ ಪ್ರೊಪೆಲ್ಲರ್ ಹಾಕಿಸುವುದು ಜಾಣತನ. ಪೂರ್ತಿ ಥ್ರಾಟಲ್ ಕೊಟ್ಟಾಗ ಕಂಪನಿ ಹೇಳಿದ ಆರ್‌ಪಿಎಂ ಮಿತಿಯೊಳಗೆ ಎಂಜಿನ್ ನಿಲ್ಲಬೇಕು. ಆ ಮಟ್ಟವನ್ನು ಮುಟ್ಟದಿದ್ದರೆ ಪ್ರೊಪೆಲ್ಲರ್‌ನ ಪಿಚ್ ಹೆಚ್ಚಾಗಿದೆ ಎಂದರ್ಥ, ದಾಟಿದರೆ ಕಡಿಮೆಯಾಗಿದೆ ಎಂದರ್ಥ.

ಹೂಗ್ಲಿಯಲ್ಲಿ ಅಪಾಯ ಯಾಕೆ ಹೆಚ್ಚು?

ಸಮುದ್ರ ದೂರವಿದ್ದರೂ ಕೋಲ್ಕತ್ತಾದಲ್ಲಿ ನದಿಗೆ ಉಬ್ಬರವಿಳಿತವಿದೆ. ದೊಡ್ಡ ಉಬ್ಬರದ ದಿನಗಳಲ್ಲಿ ಸಮುದ್ರದ ನೀರು ಗೋಡೆಯಂತೆ ನದಿಯ ಮೇಲ್ಮುಖವಾಗಿ ನುಗ್ಗುತ್ತದೆ. ಸ್ಥಳೀಯರು ಇದನ್ನು ‘ಬಾನ್’ ಎನ್ನುತ್ತಾರೆ. ಆಳೆತ್ತರಕ್ಕೂ ಏಳಬಲ್ಲ ಈ ಅಲೆ ದಡದಲ್ಲಿ ಕಟ್ಟಿದ ದೋಣಿಗಳನ್ನು ಅಪ್ಪಳಿಸಿ ಒಡೆಯುತ್ತದೆ. ಹಾಗಾಗಿ ಅಂಬಿಗರು ಮುಂಚೆಯೇ ದಡ ಬಿಟ್ಟು ನಡುನೀರಿಗೆ ಸಾಗುತ್ತಾರೆ. ಆ ಹೊತ್ತಿಗೆ ಬೇಕಿರುವುದು ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ನಿಲ್ಲದೆ ಓಡುವ ಎಂಜಿನ್.

ಭುಟ್‌ಭುಟಿ ಬದಲು ಸುರಕ್ಷಿತ ಯಾಂತ್ರಿಕ ದೋಣಿ ಮಾಡಿಸಿಕೊಳ್ಳುವವರಿಗೆ ಪಶ್ಚಿಮ ಬಂಗಾಳ ಸರ್ಕಾರ ‘ಜಲಧಾರಾ’ ಯೋಜನೆಯಡಿ ₹1 ಲಕ್ಷದವರೆಗೆ ನೆರವು ಘೋಷಿಸಿತ್ತು. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ನೋಂದಣಿ, ತಪಾಸಣೆಯ ಜೊತೆಗೆ ದೋಣಿಯಲ್ಲಿ ಮಾಡುವ ಮಾರ್ಪಾಡುಗಳಿಗೂ ನಿಯಮವಿದೆ. ಅಂದರೆ ಎಂಜಿನ್ ಬದಲಿಸಿ ಸುಮ್ಮನಿರುವಂತಿಲ್ಲ.

ಪರೀಕ್ಷೆ ಎಲ್ಲಿ ಮಾಡುತ್ತೀರಿ ಎಂಬುದೂ ಮುಖ್ಯ. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ಬೋಟ್ ನಿಯಂತ್ರಣ ತಪ್ಪಿ, ಎಲಿಫೆಂಟಾ ಕಡೆಗೆ ಹೊರಟಿದ್ದ ‘ನೀಲ್‌ಕಮಲ್’ ಫೆರಿಗೆ ಗುದ್ದಿತ್ತು. ಅದು ವೇಗಕ್ಕಾಗಿ ಮಾಡಿದ ಮಾರ್ಪಾಡಿನ ಪ್ರಕರಣವಲ್ಲ. ಎಂಜಿನ್ ದೋಷವೇ ಕಾರಣ ಎಂದು ನೌಕಾಪಡೆ ಅಂದೇ ಹೇಳಿತ್ತು. ಸತ್ತವರು ಹತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುತೇಕರು ಫೆರಿಯಲ್ಲಿದ್ದ ಪ್ರಯಾಣಿಕರು.