ಗರ್ಭಕಂಠದ ತಪಾಸಣೆ: ಎಷ್ಟು ವರ್ಷಕ್ಕೊಮ್ಮೆ?

ಗರ್ಭಕೋಶದ ಕೆಳತುದಿ ಕಿರಿದಾಗಿ ಯೋನಿಯೊಳಗೆ ಇಳಿದಿರುವ ಭಾಗವೇ ಗರ್ಭಕಂಠ. ಇಲ್ಲಿ ಹುಟ್ಟುವ ಕ್ಯಾನ್ಸರ್, ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ನಂತರ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್. 2022ರ ಒಂದು ವರ್ಷದಲ್ಲೇ ದೇಶದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ತಗಲಿತೆಂದೂ ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡರೆಂದೂ ಅಂದಾಜಿದೆ. ಇಷ್ಟು ಜನ ಸಾಯಬೇಕಾದ ಕಾಯಿಲೆ ಇದಲ್ಲ. ಕ್ಯಾನ್ಸರ್ ಆಗುವುದಕ್ಕೆ ಎಷ್ಟೋ ವರ್ಷ ಮೊದಲೇ ಇದರ ಸುಳಿವು ಸಿಗುತ್ತದೆ, ಆ ಹಂತದಲ್ಲಿ ಚಿಕಿತ್ಸೆಯೂ ಸುಲಭ. ಆ ಸುಳಿವಿಗಾಗಿ ಎಷ್ಟು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು ಎನ್ನುವುದು ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ: ಕಾಯಿಲೆ ಬೆಳೆಯುವ ವೇಗ ಮತ್ತು ಬಳಸುವ ಪರೀಕ್ಷೆಯ ಚುರುಕು.

ಈ ಕ್ಯಾನ್ಸರಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದನ್ನು ಕಂಡುಕೊಂಡ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ವೈರಸ್ಸಿನ ನೂರಾರು ಬಗೆಗಳಲ್ಲಿ ಅಪಾಯಕಾರಿಯಾದವು ಹನ್ನೆರಡರ ಆಸುಪಾಸು. ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳು ನೂರಕ್ಕೆ ಎಪ್ಪತ್ತರಷ್ಟು ಗರ್ಭಕಂಠದ ಕ್ಯಾನ್ಸರುಗಳ ಹಿಂದಿವೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಎಷ್ಟು ಸಾಮಾನ್ಯವೆಂದರೆ, ಸಂಸಾರ ಮಾಡಿದ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಅದು ತಗಲಿರುತ್ತದೆ. ಹಾಗಾಗಿ ವೈರಸ್ ಸಿಕ್ಕಿತೆಂದು ಯಾರ ನಡತೆಯನ್ನೂ ಅನುಮಾನಿಸುವಂತಿಲ್ಲ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹ ಒಂದೆರಡು ವರ್ಷದಲ್ಲಿ ತಾನೇ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ವೈರಸ್ ಬೇರೂರಿ, ಗರ್ಭಕಂಠದ ಜೀವಕೋಶಗಳ ಸ್ವರೂಪವನ್ನು ಮೆಲ್ಲಗೆ ಕೆಡಿಸುತ್ತದೆ. ಸೋಂಕಿನಿಂದ ಕ್ಯಾನ್ಸರಿನವರೆಗಿನ ಈ ದಾರಿಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ತಪಾಸಣೆಗೆ ಸಿಗುವ ಅವಕಾಶ ಇದೇ ದೀರ್ಘ ಅವಧಿ.

ಮೊದಲು ಬಂದದ್ದು ಪ್ಯಾಪ್ ಪರೀಕ್ಷೆ. ಗ್ರೀಸ್ ಮೂಲದ ವೈದ್ಯ ಜಾರ್ಜ್ ಪ್ಯಾಪನಿಕೊಲಾವ್, ಗರ್ಭಕಂಠದಿಂದ ಉದುರುವ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೇಡು ಕಾಣುತ್ತದೆಂದು ತೋರಿಸಿಕೊಟ್ಟರು. 1940ರ ದಶಕದ ನಂತರ ಇದು ಅಮೆರಿಕ, ಯುರೋಪುಗಳಲ್ಲಿ ಹಬ್ಬಿತು. ವರ್ಷಕ್ಕೊಮ್ಮೆ ಮಾಡಿಸಬೇಕೆಂಬ ರೂಢಿಯೂ ಅಮೆರಿಕದಲ್ಲಿ ಬೆಳೆಯಿತು. ಅದು ಅಗತ್ಯವೇ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹಲವು ದೇಶಗಳ ಅಂಕಿಅಂಶ ಕೂಡಿಸಿ 1986ರಲ್ಲಿ ಲೆಕ್ಕ ಹಾಕಿತು. 35ರಿಂದ 64ರ ವಯಸ್ಸಿನಲ್ಲಿ ಪ್ರತಿವರ್ಷ ಪ್ಯಾಪ್ ಮಾಡಿಸಿದರೆ ಶೇ. 93.5ರಷ್ಟು ಕ್ಯಾನ್ಸರ್ ತಪ್ಪುತ್ತದೆ. ಮೂರು ವರ್ಷಕ್ಕೊಮ್ಮೆ ಮಾಡಿಸಿದರೆ ಶೇ. 90.8, ಐದು ವರ್ಷಕ್ಕೊಮ್ಮೆಯಾದರೆ ಶೇ. 83.6, ಹತ್ತು ವರ್ಷಕ್ಕೊಮ್ಮೆಯಾದರೂ ಶೇ. 64.1. ಮೂರು ವರ್ಷಕ್ಕೊಂದರ ಬದಲು ಮೂರು ಪರೀಕ್ಷೆ ಮಾಡಿಸಿದರೂ ಹೆಚ್ಚಿಗೆ ದಕ್ಕುವುದು ಮೂರಕ್ಕಿಂತ ಕಡಿಮೆ ಅಂಶ. ಪ್ಯಾಪ್ ಪರೀಕ್ಷೆಗೆ ಮೂರು ವರ್ಷದ ಅಂತರ ಎಂಬ ಇಂದಿನ ಸಲಹೆಯ ಹಿಂದೆ ಇಂಥ ಲೆಕ್ಕಾಚಾರವಿದೆ.

ಎಚ್‌ಪಿವಿ ಪರೀಕ್ಷೆ ಈ ಅಂತರವನ್ನು ಇನ್ನೂ ಹಿಗ್ಗಿಸಿತು. ಇದು ಕೆಟ್ಟ ಜೀವಕೋಶವನ್ನು ಹುಡುಕುವುದಿಲ್ಲ, ಕೆಡಿಸುವ ವೈರಸ್ಸಿನ ಡಿಎನ್ಎಯನ್ನೇ ಹುಡುಕುತ್ತದೆ. ಒಂದು ಪ್ಯಾಪ್ ಪರೀಕ್ಷೆಯ ಕಣ್ಣು ತಪ್ಪಿಸಿಕೊಳ್ಳುವ ದೋಷಗಳು ಕಡಿಮೆಯೇನಲ್ಲ. ಎಚ್‌ಪಿವಿ ಪರೀಕ್ಷೆಯಿಂದ ಪಾರಾಗುವವು ತೀರ ಕಡಿಮೆ. ಇದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿದ್ದು ಕರ್ನಾಟಕದ ಗಡಿಗೆ ಅಂಟಿಕೊಂಡ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ ಸುಮಾರು 1.32 ಲಕ್ಷ ಹೆಂಗಸರನ್ನು ನಾಲ್ಕು ಗುಂಪು ಮಾಡಿ ಎಂಟು ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು, ತಪಾಸಣೆ ಇಲ್ಲದ ಗುಂಪಿಗೆ ಹೋಲಿಸಿದರೆ ಅರ್ಧದಷ್ಟಕ್ಕೆ ಇಳಿದಿದ್ದವು. ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ತಿಳಿದವರಲ್ಲಿ ಅಷ್ಟು ವರ್ಷದಲ್ಲಿ ಒಬ್ಬರೂ ಗರ್ಭಕಂಠದ ಕ್ಯಾನ್ಸರಿನಿಂದ ಸಾಯಲಿಲ್ಲ. ನಮ್ಮ ನೆರೆಯ ರೈತಾಪಿ ಹೆಂಗಸರು ಜಗತ್ತಿಗೆ ಕೊಟ್ಟ ದೊಡ್ಡ ತಿಳಿವಳಿಕೆ ಇದು.

ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿಸಿ, 30ನೇ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕೆಂದಿತು. ಆಸ್ಟ್ರೇಲಿಯಾ 2017ರ ಕೊನೆಯಲ್ಲಿ ಎರಡು ವರ್ಷಕ್ಕೊಮ್ಮೆಯ ಪ್ಯಾಪ್ ಬಿಟ್ಟು ಐದು ವರ್ಷಕ್ಕೊಮ್ಮೆಯ ಎಚ್‌ಪಿವಿ ಪರೀಕ್ಷೆಗೆ ಬದಲಾಯಿಸಿಕೊಂಡಿದೆ. ಇಂಗ್ಲೆಂಡ್ ಕೂಡ 2025ರಲ್ಲಿ, ವೈರಸ್ ಇಲ್ಲದ 25ರಿಂದ 49ರ ಹೆಂಗಸರಿಗೆ ಮೂರರ ಬದಲು ಐದು ವರ್ಷದ ಅಂತರ ಗೊತ್ತುಮಾಡಿತು.

ಭಾರತದ ಹಳ್ಳಿಗಳಿಗೆ ಸದ್ಯ ಎಟಕುವುದು ವಿಐಎ. ಗರ್ಭಕಂಠಕ್ಕೆ ಶೇ. 3ರಿಂದ 5ರಷ್ಟು ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ಬರಿಗಣ್ಣಿನಿಂದ ನೋಡುವ ಪರೀಕ್ಷೆ ಇದು. ದೋಷವಿರುವ ಜಾಗ ಬೆಳ್ಳಗಾಗುತ್ತದೆ. ಪ್ರಯೋಗಾಲಯ ಬೇಡ, ತರಬೇತಾದ ನರ್ಸ್ ಸಾಕು, ಉತ್ತರ ಅಲ್ಲೇ ಸಿಗುತ್ತದೆ. ನೋಡುವವರ ಅನುಭವವನ್ನೇ ನೆಚ್ಚಿಕೊಂಡಿರುವುದು ಇದರ ಕುಂದು. ಮುಟ್ಟು ನಿಂತವರಲ್ಲಿ ದೋಷ ಹುಟ್ಟುವ ಜಾಗ ಒಳಕ್ಕೆ ಸರಿದಿರುವುದರಿಂದ ಅವರಿಗೆ ಇದು ಅಷ್ಟಾಗಿ ಒಗ್ಗದು. ಆದರೂ ಮುಂಬೈಯ ಬಡ ಬಡಾವಣೆಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿದಾಗ, 12 ವರ್ಷಗಳ ಅವಧಿಯಲ್ಲಿ ಸಾವು ಶೇ. 31ರಷ್ಟು ತಗ್ಗಿತು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ 30ರಿಂದ 65ರ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ವಿಐಎ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ ವಿಐಎ ಮತ್ತು ಪ್ಯಾಪ್ ಎರಡಕ್ಕೂ ಮೂರು ವರ್ಷದ ಅಂತರವನ್ನು ಸೂಚಿಸುತ್ತದೆ.

ಪ್ರತಿವರ್ಷ ಮಾಡಿಸಿದರೆ ಒಳ್ಳೆಯದಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಪದೇಪದೇ ಪರೀಕ್ಷಿಸಿದಷ್ಟೂ ತಾನಾಗಿ ಮಾಯವಾಗಲಿದ್ದ ಸೋಂಕುಗಳೇ ಹೆಚ್ಚು ಸಿಕ್ಕಿಬೀಳುತ್ತವೆ. ಅವುಗಳ ಬೆನ್ನಿಗೆ ಆತಂಕ, ಮರುಪರೀಕ್ಷೆ, ಕೆಲವೊಮ್ಮೆ ಬೇಡದ ಚಿಕಿತ್ಸೆ. ಗರ್ಭಕಂಠದ ಭಾಗ ಕತ್ತರಿಸಿ ತೆಗೆಯುವ ಚಿಕಿತ್ಸೆಯಿಂದ ಮುಂದೆ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚುತ್ತದೆ. ತೀರ ಎಳೆ ವಯಸ್ಸಿನಲ್ಲಿ ತಪಾಸಣೆ ಬೇಡವೆನ್ನುವುದಕ್ಕೂ ಇದೇ ಕಾರಣ: ಇಪ್ಪತ್ತರ ಹರೆಯದಲ್ಲಿ ಸೋಂಕು ಹೇರಳ, ಕ್ಯಾನ್ಸರ್ ಅಪರೂಪ.

ಎಲ್ಲರಿಗೂ ಒಂದೇ ಅಂತರ ಹೊಂದುವುದಿಲ್ಲ. ಎಚ್‌ಐವಿ ಇರುವವರಲ್ಲಿ ಕಾಯಿಲೆ 5ರಿಂದ 10 ವರ್ಷದಲ್ಲೇ ಮುಂದುವರಿಯಬಹುದಾದ್ದರಿಂದ ಅವರು 25ರಿಂದಲೇ ಆರಂಭಿಸಿ, ಎಚ್‌ಪಿವಿ ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು. ಪರೀಕ್ಷೆಯಲ್ಲಿ ದೋಷ ಕಂಡವರಿಗೆ, ಅದಕ್ಕೆ ಚಿಕಿತ್ಸೆ ಪಡೆದವರಿಗೆ ಮುಂದಿನ ದಿನಾಂಕವನ್ನು ವೈದ್ಯರೇ ಗೊತ್ತುಮಾಡುತ್ತಾರೆ. ಬೇರೆ ಕಾರಣಕ್ಕೆ ಗರ್ಭಕೋಶವನ್ನು ಗರ್ಭಕಂಠದ ಸಮೇತ ತೆಗೆಸಿಕೊಂಡವರಿಗೆ, ಹಿಂದೆ ದೋಷವಿಲ್ಲದಿದ್ದರೆ, ತಪಾಸಣೆ ಬೇಕಿಲ್ಲ. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೆ ಬೇಕು, ಏಕೆಂದರೆ ಲಸಿಕೆ ಎಲ್ಲ ಬಗೆಯ ವೈರಸ್ಸುಗಳನ್ನು ತಡೆಯದು. ಸಂಭೋಗದ ನಂತರ ರಕ್ತ ಬಂದರೆ, ಮುಟ್ಟು ನಿಂತಮೇಲೆ ಮತ್ತೆ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ ವರ್ಷಗಳ ಲೆಕ್ಕ ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು. ಮೇಲಿನ ಅಂತರಗಳೆಲ್ಲ ತೊಂದರೆ ಕಾಣದವರಿಗೆ ಮಾತ್ರ.

ಭಾರತದಲ್ಲಿ ಮೂರೋ ಐದೋ ಎಂಬ ಚರ್ಚೆಗಿಂತ ದೊಡ್ಡ ಪ್ರಶ್ನೆ ಬೇರೆಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೂ ಒಮ್ಮೆ ಈ ತಪಾಸಣೆ ಮಾಡಿಸಿಕೊಂಡಿದ್ದೇವೆ ಎಂದ 30ರಿಂದ 49ರ ಹೆಂಗಸರು ನೂರಕ್ಕೆ ಇಬ್ಬರೂ ಇರಲಿಲ್ಲ. ನಾಚಿಕೆ, ಕೂಲಿ ತಪ್ಪುವ ಚಿಂತೆ, ನೋವಿಲ್ಲದಾಗ ಆಸ್ಪತ್ರೆ ಏಕೆ ಎಂಬ ಭಾವನೆ ಅವರನ್ನು ಹಿಂದಕ್ಕೆಳೆಯುತ್ತವೆ. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸರು ತಾವೇ ಮರೆಯಲ್ಲಿ ತೆಗೆದುಕೊಡಬಹುದು; ಈ ಸೌಕರ್ಯ ಹಳ್ಳಿಗಳಿಗೆ ಬಂದರೆ ನಾಚಿಕೆಯ ತೊಡಕಾದರೂ ನೀಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗುರಿ ಕೇಳುವುದು ಬಹಳವಲ್ಲ: ನೂರಕ್ಕೆ ಎಪ್ಪತ್ತು ಹೆಂಗಸರಿಗೆ 35ರೊಳಗೆ ಒಂದು ಸಲ, 45ರೊಳಗೆ ಇನ್ನೊಂದು ಸಲ ಒಳ್ಳೆಯ ಪರೀಕ್ಷೆ. ಮೂವತ್ತು ದಾಟಿಯೂ ಒಮ್ಮೆಯೂ ಪರೀಕ್ಷಿಸಿಕೊಳ್ಳದವರು ಮುಟ್ಟಿಲ್ಲದ ದಿನ ನೋಡಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ವಿಚಾರಿಸಬೇಕು. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ.