ವಿಹಾರದ ಬೋಟು: ಆಯ್ಕೆ ಇರುವುದು ತಳದಲ್ಲಿ

ಅಮೆರಿಕದ ಸರೋವರಗಳಲ್ಲೂ ಕರಾವಳಿಯಲ್ಲೂ ಕುಟುಂಬದ ವಿಹಾರಕ್ಕೆ ಬಳಸುವ 18–19 ಅಡಿಯ ಫೈಬರ್‌ಗ್ಲಾಸ್ ಬೋಟುಗಳು ನೋಡಲು ಬಹುಮಟ್ಟಿಗೆ ಒಂದೇ ಥರ ಇರುತ್ತವೆ. ಆಸನ, ಬಣ್ಣ, ಬೆಲೆ ಎಲ್ಲವೂ ಹತ್ತಿರಹತ್ತಿರ. ಅವುಗಳನ್ನು ನಿಜವಾಗಿ ಬೇರೆ ಮಾಡುವುದು ತಳದ ಆಕಾರ, ಎಂಜಿನ್ ಇರುವ ಜಾಗ ಮತ್ತು ಹೊರಗೆ ಕಾಣದ ಒಳಗಟ್ಟು.

ವೇಗ ಹೆಚ್ಚಿದಾಗ ಇಂಥ ಬೋಟು ನೀರಿನಿಂದ ಮೇಲೆದ್ದು ಅದರ ಮೇಲೆ ಜಾರುತ್ತದೆ. ತಳವು 'ವಿ' ಆಕಾರದಲ್ಲಿರುತ್ತದೆ. ಅದರ ಇಳಿಜಾರಿನ ಕೋನಕ್ಕೆ ಡೆಡ್‌ರೈಸ್ ಎಂದು ಹೆಸರು. ಹಿಂತುದಿಯಲ್ಲಿ ಈ ಕೋನ 20 ಡಿಗ್ರಿ ದಾಟಿದರೆ ಬೋಟು ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಕುಲುಕಾಟ ಕಡಿಮೆ. ಆದರೆ ಮೇಲೇಳಲು ಹೆಚ್ಚು ಶಕ್ತಿ ಬೇಕು, ನಿಂತಾಗ ಅಕ್ಕಪಕ್ಕಕ್ಕೆ ವಾಲುವುದೂ ಹೆಚ್ಚು. ಕೋನ ಕಡಿಮೆಯಿದ್ದರೆ ಸಣ್ಣ ಎಂಜಿನ್ನೇ ಸಾಕು, ನಿಂತ ಬೋಟಿನಲ್ಲಿ ಮಕ್ಕಳು ಓಡಾಡಿದರೂ ಅದು ಸ್ಥಿರವಾಗಿರುತ್ತದೆ. ಅಲೆ ಎದ್ದಾಗ ಮಾತ್ರ ತಳ ನೀರಿಗೆ ಬಡಿಯುತ್ತದೆ.

ಈ ಎರಡು ಗುಣಗಳನ್ನೂ ಬೇರೆಬೇರೆಯಾಗಿ ಸಾಧಿಸಿ ತೋರಿಸಿದವರು ಒಬ್ಬರೇ ವಿನ್ಯಾಸಕ, ರೇ ಹಂಟ್. 1958ರ 13 ಅಡಿಯ ಬೋಸ್ಟನ್ ವೇಲರ್ ಎಂಬ ಬೋಟಿಗೆ ಅವರು ಅಗಲವಾದ, ಸ್ಥಿರತೆಗೆ ಒತ್ತು ಕೊಟ್ಟ ತಳ ರೂಪಿಸಿದರು. ಅವರದೇ ಆಳವಾದ 'ವಿ' ತಳದ ಮೋಪಿ ಎಂಬ ಬೋಟು 1960ರ ಮಯಾಮಿ–ನಸ್ಸಾವ್ ಪಂದ್ಯವನ್ನು ಒರಟು ಸಮುದ್ರದಲ್ಲೇ ಗೆದ್ದಿತು.

ಎರಡನೆಯದು ಎಂಜಿನ್. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಒಳಗಿದ್ದು, ಪ್ರೊಪೆಲರ್ ಇರುವ ಕಾಲು ಮಾತ್ರ ಹೊರಗಿರುತ್ತದೆ. ಈಜುವವರಿಗೆ ಹಿಂಬದಿಯ ಹಲಗೆ ಪೂರ್ತಿ ಸಿಗುತ್ತದೆ. ಆದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ಸೇರುವುದರಿಂದ ಎಂಜಿನ್ ನಡೆಯುವಾಗ ಆ ಹಲಗೆಯ ಮೇಲೆ ಯಾರೂ ಕೂರಬಾರದು. ಹಿಂಗೋಡೆಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಹಿಂಬದಿಯ ಜಾಗ ತಿನ್ನುತ್ತದೆ; ಆದರೆ ಅದನ್ನು ನೀರಿನಿಂದ ಪೂರ್ತಿ ಮೇಲೆತ್ತಬಹುದು, ರಿಪೇರಿಯೂ ಸುಲಭ. ಉಪ್ಪುನೀರಿನಲ್ಲಿ ಬೋಟನ್ನು ಕಟ್ಟಿಡುವವರಿಗೆ ಇದು ದೊಡ್ಡ ಅನುಕೂಲ.

ಮೂರನೆಯದು ಒಳಗಟ್ಟು. ಹಳೆಯ ಬೋಟುಗಳಲ್ಲಿ ನೆಲದಡಿಯ ತೊಲೆಗಳಿಗೂ ಹಿಂಗೋಡೆಗೂ ಪ್ಲೈವುಡ್ ಬಳಸಿ ಮೇಲೆ ಫೈಬರ್‌ಗ್ಲಾಸ್ ಹೊದಿಸುತ್ತಿದ್ದರು. ತಿರುಪಿನ ತೂತುಗಳಿಂದ ನೀರು ಇಳಿದರೆ ಮರ ಒಳಗೊಳಗೇ ಕೊಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಜಾಗ ಖಣಿಲೆನ್ನುತ್ತದೆ, ಕೊಳೆತ ಜಾಗದ ಸದ್ದು ಮಂದ. ನೆಲ ಕಾಲಡಿ ಮೆತ್ತಗಾದರೆ ಅಂಥ ಬೋಟನ್ನು ಬಿಡುವುದೇ ಲೇಸು.

ಅಮೆರಿಕದ ನಿಯಮದಂತೆ 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರ್ ಬೋಟುಗಳಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ತಿಳಿಸುವ ಫಲಕ ಇರಲೇಬೇಕು. ನೀರು ತುಂಬಿದರೂ ಮುಳುಗದಂತೆ ತೇಲುವ ಏರ್ಪಾಡೂ ಕಡ್ಡಾಯ. ಔಟ್‌ಬೋರ್ಡ್ ಬೋಟು ಸಮತಟ್ಟಾಗಿ ತೇಲಬೇಕು. ಸ್ಟರ್ನ್‌ಡ್ರೈವ್ ಬೋಟಿನ ಒಂದು ಭಾಗ ನೀರಿನ ಮೇಲಿದ್ದರೆ ಸಾಕು. ಮಕ್ಕಳಿರುವ ಕುಟುಂಬ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾಗಿ ಗಾಳಿಗೆ ತೆರೆದ ದೊಡ್ಡ ನೀರಿಗೆ ಆಳವಾದ 'ವಿ' ತಳ, ಚಿಕ್ಕ ಶಾಂತ ಸರೋವರದಲ್ಲಿ ಬೋಟು ನಿಲ್ಲಿಸಿ ಈಜುವವರಿಗೆ ಕಡಿಮೆ ಕೋನದ ತಳ ಒಪ್ಪುತ್ತದೆ. ಕೊಳ್ಳುವ ಮುನ್ನ ಮನೆಯವರೆಲ್ಲ ಹತ್ತಿ, ಗಾಳಿಯಿರುವ ದಿನವೇ ಎರಡನ್ನೂ ಓಡಿಸಿ ನೋಡಬೇಕು. ಒಬ್ಬರೇ ಕೂತು ಶಾಂತ ನೀರಿನಲ್ಲಿ ಓಡಿಸಿದರೆ ಎರಡೂ ಚೆನ್ನಾಗಿಯೇ ಓಡುತ್ತವೆ.