ವೈದ್ಯರ ಜಗಲಿಯ ಸರದಿ

ಕಾಸರಗೋಡು ಪೇಟೆಯನ್ನು ಬಿಟ್ಟು, ಜಿಲ್ಲಾ ಕಚೇರಿಗಳಿರುವ ವಿದ್ಯಾನಗರವನ್ನು ದಾಟಿ ಚೆರ್ಕಳದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ನಾಯ್ಮಾರ್ಮೂಲೆಯೆಂಬುದು ಬಸ್ಸಿನ ಕಿಟಕಿಯಲ್ಲಿ ಕ್ಷಣಮಾತ್ರ ಗೋಚರಿಸಿ ಹಿಂದೆ ಸರಿಯುವ ಒಂದು ಸಣ್ಣ ಪೇಟೆ. ಚೆಂಗಳ ಪಂಚಾಯತಿಗೆ ಸೇರಿದ ಈ ಊರಿನಲ್ಲಿ ಬೆಳಗಿನ ಹೊತ್ತು ತನ್ಬೀಹುಲ್ ಇಸ್ಲಾಂ ಹೈಯರ್ ಸೆಕೆಂಡರಿ ಶಾಲೆಯ ಮಕ್ಕಳ ಕಲರವವಾದರೆ, ಸಂಜೆಯ ಹೊತ್ತು, ಇದರ ಆಚೀಚೆಯ ಎಲ್ಲ ಪೇಟೆಗಳಲ್ಲಿರುವಂತೆಯೇ, ವೈದ್ಯರನ್ನು ಕಾಣಬಂದವರ ಸದ್ದಿಲ್ಲದ ಸಂದಣಿ. ಆದರೆ ಈ ಕಾಣುವ ಕಾರ್ಯವು ಸಂಜೆಗೆ ಆರಂಭವಾಗುವುದಲ್ಲ. ಬೆಳಿಗ್ಗೆ ಚಹಾದ ಲೋಟ ಕೈಗೆ ಬರುವ ಮೊದಲೇ ಕ್ಲಿನಿಕ್ಕಿನ ಫೋನಿಗೆ ಕರೆಮಾಡಿ, ಅದು ಎಂಗೇಜ್ ಎಂದು ಮತ್ತೆ ಮಾಡಿ, ಮೂರನೆಯದೋ ಏಳನೆಯದೋ ಪ್ರಯತ್ನದಲ್ಲಿ ರೋಗಿಯ ಹೆಸರನ್ನೂ ವಯಸ್ಸನ್ನೂ ಒಪ್ಪಿಸಿ, ‘ಟೋಕನ್ ಇಪ್ಪತ್ತೇಳು, ಆರು ಗಂಟೆಗೆ ಬನ್ನಿ’ ಎಂಬ ಆಶ್ವಾಸನವನ್ನು ಪಡೆಯುವಲ್ಲಿ ಅದರ ಪೂರ್ವಾರ್ಧವು ಮುಗಿದಿರುತ್ತದೆ. ಮಕ್ಕಳು ಗಲ್ಫಿನಲ್ಲಿರುವ ಮನೆಗಳು ಈ ನಾಡಿನಲ್ಲಿ ಹೇರಳವಾಗಿರುವುದರಿಂದ, ಇಲ್ಲಿಯ ಏಳು ಗಂಟೆಗೆ ದುಬಾಯಿಯಲ್ಲಿ ಐದೂವರೆಯಷ್ಟೇ ಆಗಿದ್ದರೂ, ತಾಯಿಯ ಮಂಡಿನೋವಿಗಾಗಿ ಅಲ್ಲಿಂದಲೇ ಎದ್ದು ಊರಿನ ಡಾಕ್ಟರಲ್ಲಿ ಟೋಕನ್ ಬುಕ್ ಮಾಡುವ ಮಗನೂ ಅಪರೂಪನಲ್ಲ.

ಹಿಂದೆ ಹೀಗಿರಲಿಲ್ಲ. ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ದಿನಗಳಲ್ಲಿ, ಮತ್ತು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆಯೂ ಬಹುಕಾಲ, ವೈದ್ಯರ ಮನೆಯ ಜಗಲಿಯೇ ನಿರೀಕ್ಷಣಾಲಯ, ಬಂದವರ ಕಣ್ಣಳತೆಯೇ ಸರದಿಯ ಪಟ್ಟಿ, ಕಂಪೌಂಡರನೇ ಅದರ ನ್ಯಾಯಾಧೀಶ. ಮನೆಯಿಂದ ತಂದ ಬಾಟಲಿಗೆ ಮಿಕ್ಸ್ಚರನ್ನು ಸುರಿದು, ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಡೋಸಿನ ಗುರುತಿಗೆಂದು ಅಂಟಿಸಿಕೊಡುವ ಆ ಮನುಷ್ಯನು ಅಂಗಳಕ್ಕೆ ಕಾಲಿಟ್ಟವರ ಮುಖವನ್ನು ಒಮ್ಮೆ ನೋಡಿಯೇ, ಹೆಗಲಮೇಲೆ ತಲೆಯಿಟ್ಟು ಏದುತ್ತಿರುವ ಮಗುವನ್ನೂ ಹಾವು ಕಚ್ಚಿಸಿಕೊಂಡು ಬಂದವನನ್ನೂ ಸರದಿ ಮುರಿದು ಒಳಕ್ಕೆ ಬಿಡುತ್ತಿದ್ದನು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅದೇ ಕಂಪೌಂಡರನು ಧಣಿಗಳ ಮನೆಯವರು ಬಂದಾಗಲೂ ಸರದಿಯನ್ನು ಮುರಿಯುತ್ತಿದ್ದನೆಂಬುದನ್ನು, ಆಗಲೂ ಯಾರೂ ಆಕ್ಷೇಪಿಸುತ್ತಿರಲಿಲ್ಲವೆಂಬುದನ್ನು, ಹಳೆಯ ಜಗಲಿಯನ್ನು ಕೊಂಡಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ. ಅಡಿಕೆ ಸುಲಿಯುವ ಕೂಲಿಯ ಹೆಂಗಸು ಬೆಳಗಿನಿಂದ ಅಂಗಳದ ತುದಿಯಲ್ಲಿ ಕಾದು ಕುಳಿತು ಒಂದು ದಿನದ ಕೂಲಿಯನ್ನೇ ಕಳೆದುಕೊಳ್ಳುತ್ತಿದ್ದಳು. ಧಣಿಗಳಲ್ಲಿಗೆ ವೈದ್ಯರು ತಾವೇ ಹೋಗಿಬರುತ್ತಿದ್ದರು. ಟೋಕನ್ನಿನ ಸಂಖ್ಯೆಗೆ ಧಣಿಯೂ ಗೊತ್ತಿಲ್ಲ, ಒಕ್ಕಲೂ ಗೊತ್ತಿಲ್ಲ. ನಾನು ಇದನ್ನು ಆ ವ್ಯವಸ್ಥೆಯ ಅತ್ಯಂತ ದೊಡ್ಡ ಗುಣವೆಂದು ಎಣಿಸುತ್ತೇನೆ; ಏದುತ್ತಿರುವ ಮಗುವೂ ಅದಕ್ಕೆ ಗೊತ್ತಿಲ್ಲವೆಂಬುದು ಅದರ ದೋಷ.

ಜಗಲಿಯಾದರೂ ಸಂಪೂರ್ಣವಾಗಿ ಅಳಿದಿಲ್ಲ. ಕೇರಳದಲ್ಲಿ ಆರೋಗ್ಯ ಇಲಾಖೆಯ ವೈದ್ಯರಿಗೆ ಕರ್ತವ್ಯದ ಅವಧಿ ಕಳೆದ ಮೇಲೆ ತಮ್ಮ ವಾಸದ ಮನೆಯಲ್ಲಿ ರೋಗಿಗಳನ್ನು ನೋಡಲು ಅನುಮತಿಯುಂಟು. ಸರಕಾರಿ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೆ ಮಾತ್ರ 2009ರಿಂದ ಅದು ನಿಷಿದ್ಧ. ಆದುದರಿಂದ ಸಂಜೆ ನಾಲ್ಕರ ಅನಂತರ ಎಷ್ಟೋ ಮನೆಗಳ ಗೇಟಿನ ಮುಂದೆ ಚಪ್ಪಲಿಗಳ ಸಾಲು ಬೆಳೆಯುವುದನ್ನು ಈಗಲೂ ಕಾಣಬಹುದು. ಉಪವಾಸದ ತಿಂಗಳಿನಲ್ಲಿ ಆ ಸಾಲು ಸಂಜೆಗೆ ಕ್ಷೀಣಿಸಿ ರಾತ್ರಿಗೆ ಸರಿಯುತ್ತದೆ. ಜೂನ್ ಜುಲೈಗಳ ಮಳೆಗಾಲದಲ್ಲಿ ಡೆಂಗಿಯೂ ಇಲಿಜ್ವರವೂ ಹಬ್ಬಿದಾಗ ಯಾವ ಲೆಕ್ಕಕ್ಕೂ ಸಿಕ್ಕದೆ ಬೀದಿಗೆ ಬರುತ್ತದೆ.

ಇಲ್ಲಿ ವಿವೇಚಿಸಬೇಕಾದ ಸಂಗತಿಯೊಂದಿದೆ. ಟೋಕನ್ ನಮಗೆ ಕೊಡುವುದು ಸರದಿಯನ್ನೇ ಹೊರತು ಸಮಯವನ್ನಲ್ಲ. ಇಪ್ಪತ್ತಾರನೆಯವರ ಹಿಂದೆ ಇಪ್ಪತ್ತೇಳನೆಯವರು ಎಂಬುದಷ್ಟೇ ಅದರ ಪ್ರತಿಜ್ಞೆ. ಇಪ್ಪತ್ತಾರನೆಯವರು ಎಷ್ಟು ಹೊತ್ತಿಗೆ ಹೊರಬರುವರೆಂಬುದನ್ನು ಅದು ಹೇಳುವುದಿಲ್ಲ. ವೈದ್ಯರು ಐದು ಗಂಟೆಗೆ ಕುಳಿತು ಒಬ್ಬೊಬ್ಬರಿಗೆ ಸರಾಸರಿ ಆರು ನಿಮಿಷ ಕೊಡುವರೆಂದಾದರೆ ಇಪ್ಪತ್ತನೆಯವರ ಸರದಿ ಏಳಕ್ಕೆ ಆರು ನಿಮಿಷವಿರುವಾಗ ಬರತಕ್ಕದ್ದು. ಆದರೂ ಎಲ್ಲರಿಗೂ ‘ಐದಕ್ಕೆ ಬನ್ನಿ’ ಎಂದು ಹೇಳುವ ಪದ್ಧತಿಯೇ ಬಹಳ ಕಡೆ ರೂಢಿಯಲ್ಲಿದೆ. ವೈದ್ಯರ ಒಂದು ನಿಮಿಷವೂ ವ್ಯರ್ಥವಾಗಬಾರದು, ರೋಗಿಯ ಎರಡು ಗಂಟೆಗಳು ವ್ಯರ್ಥವಾದರೆ ಬಾಧಕವಿಲ್ಲ ಎಂಬ, ಯಾರೂ ಬಾಯಿಬಿಟ್ಟು ಹೇಳದ ಸಿದ್ಧಾಂತವೊಂದು ಇದರ ಬುಡದಲ್ಲಿದೆ.

ಈ ಸಿದ್ಧಾಂತವನ್ನು ಗಣಿತದ ಒರೆಗೆ ಹಚ್ಚಿ ನೋಡಿದವರು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಯ್ಲಿ. ಆಸ್ಪತ್ರೆಗಳ ಹೊರರೋಗಿ ವಿಭಾಗದ ಸರದಿಗಳನ್ನು ಕುರಿತು 1952ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೂ, ಅದೇ ವರ್ಷ ವೆಲ್ಚ್ ಎಂಬವರೊಡನೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಲೇಖನವೂ ಕಂಡುಕೊಂಡ ಉಪಾಯ ಅಚ್ಚರಿಯಾಗುವಷ್ಟು ಸರಳವಾದದ್ದು: ವೈದ್ಯರು ಕುಳಿತುಕೊಳ್ಳುವ ಹೊತ್ತಿಗೆ ಸರಿಯಾಗಿ ಇಬ್ಬರನ್ನು ಬರಹೇಳಬೇಕು, ಆಮೇಲೆ ಒಬ್ಬ ರೋಗಿಗೆ ಸರಾಸರಿ ತಗಲುವಷ್ಟು ಕಾಲದ ಅಂತರವಿಟ್ಟು ಒಬ್ಬೊಬ್ಬರನ್ನೇ ಬರಹೇಳಬೇಕು. ಮೊದಲಿಗೆ ಇಬ್ಬರಿರುವುದರಿಂದ ಒಬ್ಬರು ತಡವಾಗಿ ಬಂದರೂ ವೈದ್ಯರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಉಳಿದವರು ಅಂತರವಿಟ್ಟು ಬರುವುದರಿಂದ ಬೆಂಚುಗಳು ತುಂಬಿ ತುಳುಕುವುದೂ ಇಲ್ಲ. ಇದಕ್ಕೆ ಅವರು ಒಂದು ನಿಬಂಧನೆಯನ್ನು ಒತ್ತಿಹೇಳಿದರು: ಸ್ವತಃ ವೈದ್ಯರು ಹೊತ್ತಿಗೆ ಸರಿಯಾಗಿ ಬರಬೇಕು. ಅಂದಿನಿಂದ ಇಂದಿನವರೆಗೆ ಆ ಉಪಾಯವು ಎಲ್ಲೆಲ್ಲಿ ಮುಗ್ಗರಿಸುತ್ತದೆಯೋ ಅಲ್ಲೆಲ್ಲ ಈ ನಿಬಂಧನೆಯ ಬಳಿಯೇ ಮುಗ್ಗರಿಸುತ್ತದೆಯೆಂಬುದು ನನ್ನ ಊಹೆ. ಅದೇ ಇಂಗ್ಲೆಂಡಿನಲ್ಲಿ ಇಂದಿಗೂ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಊರಿನ ವೈದ್ಯರ ಫೋನಿಗೆ ಎಲ್ಲರೂ ಏಕಕಾಲಕ್ಕೆ ಮುಗಿಬೀಳುವ ಪಾಡು ಸಾರ್ವಜನಿಕ ಚರ್ಚೆಯ ವಿಷಯವಾಗಿದೆಯೆಂಬುದು, ನಮ್ಮ ಕಷ್ಟವನ್ನು ಕಡಿಮೆ ಮಾಡದಿದ್ದರೂ, ಸ್ವಲ್ಪ ಸಮಾಧಾನವನ್ನಾದರೂ ಕೊಡುವ ಸಂಗತಿ.

ಸರಕಾರಿ ಆಸ್ಪತ್ರೆಗಳ ಕಥೆ ಬೇರೆ. ಅಲ್ಲಿ ಮೊದಲ ಹೋರಾಟವು ವೈದ್ಯರಿಗಾಗಿಯಲ್ಲ, ಒ.ಪಿ. ಚೀಟಿಗಾಗಿ. 2017ರಲ್ಲಿ ಕೇರಳ ಸರಕಾರವು ಆರಂಭಿಸಿದ ಆರ್ದ್ರಂ ಯೋಜನೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬಾರೋಗ್ಯ ಕೇಂದ್ರಗಳಾಗಿ ಮಾರ್ಪಡಿಸಿ, ಹೊರರೋಗಿಗಳನ್ನು ನೋಡುವ ಅವಧಿಯನ್ನು ಬೆಳಿಗ್ಗೆ 9ರಿಂದ ಸಂಜೆ 6ರ ವರೆಗೆ ವಿಸ್ತರಿಸಿತು. ಕುಳಿತುಕೊಳ್ಳಲು ಆಸನ, ಕರೆಯಲು ಟೋಕನ್, ಎಲ್ಲಕ್ಕಿಂತ ಮುಖ್ಯವಾಗಿ ವೈದ್ಯರ ಬಳಿಗೆ ಹೋಗುವ ಮೊದಲೇ ದಾದಿಯೊಬ್ಬರು ರಕ್ತದೊತ್ತಡ, ಜ್ವರ, ತೂಕಗಳನ್ನು ನೋಡಿ ಬರೆದುಕೊಳ್ಳುವ ಏರ್ಪಾಡು ಇವೆಲ್ಲ ಅದರ ಫಲ. ಹಳೆಯ ಕಂಪೌಂಡರನ ಕಣ್ಣು ಆ ದಾದಿಯ ಮೇಜಿನಲ್ಲಿ, ಧಣಿಗಳ ಹಂಗಿಲ್ಲದೆ, ಮರಳಿ ಬಂದಿದೆಯೆಂದು ನನಗೆ ತೋರುತ್ತದೆ: ಅಪಾಯದಲ್ಲಿರುವವರನ್ನು ಗುರುತಿಸಿ ಮುಂದಕ್ಕೆ ಕಳುಹಿಸುವ ಅವಕಾಶ ಅಲ್ಲಿಯೇ ಇರುವುದು. ಇದರ ಮೇಲೆ ಇ-ಹೆಲ್ತ್ ಎಂಬ ಗಣಕ ವ್ಯವಸ್ಥೆಯೂ ಬಂದಿದೆ. ಆಧಾರ್ ಮೂಲಕ ಹೆಸರು ನೋಂದಾಯಿಸಿ 16 ಅಂಕಿಗಳ ಗುರುತುಸಂಖ್ಯೆಯನ್ನು ಒಮ್ಮೆ ಪಡೆದುಕೊಂಡರೆ, ಆಸ್ಪತ್ರೆಯನ್ನೂ ವಿಭಾಗವನ್ನೂ ದಿನವನ್ನೂ ಆಯ್ದು ಮನೆಯಿಂದಲೇ ಟೋಕನ್ ತೆಗೆಯಬಹುದು. 2020ರ ಜೂನ್‌ನಿಂದ ಇ-ಸಂಜೀವನಿಯ ಮೂಲಕ ವೈದ್ಯರೊಡನೆ ಪರದೆಯಲ್ಲಿಯೇ ಮಾತನಾಡಿ ಮದ್ದಿನ ಚೀಟಿ ಪಡೆಯುವುದೂ ಸಾಧ್ಯವಾಯಿತು. ಹೀಗೆ ಬಾಗಿಲವರೆಗಿನ ದಾರಿ ಸುಗಮವಾದರೂ ಬಾಗಿಲೊಳಗಿನ ಹೊತ್ತು ಬೆಳೆದಿಲ್ಲ. 67 ದೇಶಗಳ ಮಾಹಿತಿಯನ್ನು ಸಂಗ್ರಹಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಕಾಲವು ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು ಎರಡು ನಿಮಿಷ. ಆ ಎರಡು ನಿಮಿಷಗಳಿಗಾಗಿ ಎರಡು ಗಂಟೆ ಕಾದವರು ಹೊರಬರುವಾಗ, ಹೇಳಬೇಕೆಂದಿದ್ದ ಎರಡನೆಯ ನೋವನ್ನು ಹೇಳಲು ಮರೆತೇಬಿಟ್ಟೆವೆಂದು ಪರಿತಪಿಸುವುದು ಸ್ವಾಭಾವಿಕ.

ಗಣಕದ ವ್ಯವಸ್ಥೆಯಿಂದ ಹೊರಗುಳಿಯುವವರಾರೆಂಬುದನ್ನೂ ನೋಡಬೇಕು. ಸಾದಾ ಫೋನನ್ನಷ್ಟೇ ಬಲ್ಲ, ಅದನ್ನೂ ಮೊಮ್ಮಗನ ಕೈಯಿಂದ ಮಾಡಿಸುವ ಅಜ್ಜಿಗೆ ಪರದೆಯ ಮೇಲೆ ಬರುವ ಒ.ಟಿ.ಪಿ.ಯು ಯಾವ ಮಂತ್ರವೋ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳೆಲ್ಲ ಒಂದೇ ಬೆಂಚಿನ ಮೇಲೆ ಕುಳಿತಿರುವ ಈ ಊರುಗಳಲ್ಲಿ ಟೋಕನ್ನಿನ ಸಂಖ್ಯೆಯನ್ನು ಕೂಗುವುದು ಬಹುಮಟ್ಟಿಗೆ ಮಲಯಾಳದಲ್ಲಿ. ಪಕ್ಕದಲ್ಲಿ ಕುಳಿತ ಅಪರಿಚಿತೆಯು ಮೆಲ್ಲನೆ ಮೊಣಕೈ ತಗಲಿಸಿ, ‘ಅಜ್ಜೀ, ನಿಮ್ಮದೇ ನಂಬ್ರ’ ಎಂದು ತಿಳಿಸುವ ಸೌಜನ್ಯವು ಈ ನಾಡಿನಲ್ಲಿ ಇನ್ನೂ ಬತ್ತಿಲ್ಲವಾದುದರಿಂದ ಆ ಅಜ್ಜಿಯ ಸರದಿ ತಪ್ಪದೆ ಉಳಿದಿದೆ. ದಿನದ ನಂಬರುಗಳಲ್ಲಿ ನಾಲ್ಕೈದನ್ನು ಫೋನಿಗೆ ಕೊಡದೆ, ನೇರವಾಗಿ ಬಂದವರಿಗೆಂದೇ ಮೀಸಲಿಡುವ ಕ್ಲಿನಿಕ್ಕುಗಳೂ ಉಂಟು. ಅವು ದಯೆಯಿಂದ ಮಾಡುವ ಈ ಕೆಲಸವು ಎಲ್ಲೆಡೆ ನಿಯಮವೇ ಆಗಬೇಕಾಗಿತ್ತು.

ತಜ್ಞವೈದ್ಯರ ಅಗತ್ಯ ಬಿದ್ದಾಗ ಈ ಸೀಮೆಯವರ ದೃಷ್ಟಿ ಸುಮಾರು 50 ಕಿಲೋಮೀಟರು ದೂರದ ಮಂಗಳೂರಿನತ್ತಲೇ ಹೊರಳುವುದು ಹಿಂದಿನಿಂದ ಬಂದ ವಾಡಿಕೆ. 1848ರಷ್ಟು ಹಳೆಯ ವೆನ್ಲಾಕ್ ಆಸ್ಪತ್ರೆಯಿಂದ ಮೊದಲುಗೊಂಡು, 1880ರಲ್ಲಿ ಫಾದರ್ ಮುಲ್ಲರರು ಕಂಕನಾಡಿಯಲ್ಲಿ ಆರಂಭಿಸಿದ ಸಂಸ್ಥೆ, ದೇರಳಕಟ್ಟೆಯ ಆಸ್ಪತ್ರೆಗಳು, ಹೀಗೆ ಎಲ್ಲೆಡೆಗೂ ಇಲ್ಲಿಂದ ಜನ ಹೋಗುತ್ತಾರೆ. ಅಲ್ಲಿಯ ಅಪಾಯಿಂಟ್‌ಮೆಂಟು ಹತ್ತು ಗಂಟೆಗೆಂದರೆ ಮನೆಯಲ್ಲಿ ದೀಪ ಹತ್ತುವುದು ನಾಲ್ಕೂವರೆಗೆ. 2020ರ ಮಾರ್ಚಿನಲ್ಲಿ ಕೋವಿಡಿನ ಭೀತಿಯಿಂದ ಕರ್ನಾಟಕವು ಗಡಿಯ ರಸ್ತೆಗಳನ್ನು, ಕೆಲವೆಡೆ ಮಣ್ಣು ಸುರಿದೇ, ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಚಿಕಿತ್ಸೆಗೆ ತಲಪಲಾರದೆ ಹಲವರು ಅಸುನೀಗಿದರು. ವಿಷಯವು ಕೇರಳ ಹೈಕೋರ್ಟಿಗೂ ಸುಪ್ರೀಂಕೋರ್ಟಿಗೂ ಹೋಯಿತು. ಡಯಾಲಿಸಿಸಿಗೆಂದು ವಾರಕ್ಕೆ ಗೊತ್ತಾದ ದಿನಗಳಲ್ಲಿ ಮಂಗಳೂರಿಗೆ ಹೋಗಿಬರುತ್ತಿದ್ದವರಿಗೆ, ನಿಗದಿಯಾದ ಹೊತ್ತೆಂಬುದು ರಾಜ್ಯಗಳ ಗಡಿಯ ಮುಂದೆ ಎಷ್ಟು ದುರ್ಬಲವೆಂಬುದು ಆಗ ಮನದಟ್ಟಾಯಿತು. 2013ರಲ್ಲಿ ಉಕ್ಕಿನಡ್ಕದಲ್ಲಿ ಶಿಲಾನ್ಯಾಸಗೊಂಡು ಕುಂಟುತ್ತ ಸಾಗಿದ್ದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವು ಆ ಏಪ್ರಿಲ್‌ನಲ್ಲಿಯೇ ಕೋವಿಡ್ ಆಸ್ಪತ್ರೆಯಾಗಿ ತೆರೆದುದೂ, ಅಲ್ಲಿ ಹೊರರೋಗಿ ವಿಭಾಗವು 2022ರ ಜನವರಿಯಲ್ಲಿ ಆರಂಭವಾದುದೂ ಈ ಅನುಭವದ ಬೆನ್ನಿಗೇ.

ದೂರದ ತಜ್ಞರು ಎಷ್ಟೇ ದೊಡ್ಡವರಾಗಲಿ, ಊರಿನ ವೈದ್ಯರೊಬ್ಬರಲ್ಲಿಯೇ ಮತ್ತೆ ಮತ್ತೆ ಟೋಕನ್ ತೆಗೆಯುವ ನಮ್ಮವರ ಹಟದಲ್ಲಿ ಒಂದು ವಿವೇಕವಿದೆ. ಇದೇ ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ವಾಣಿನಗರದಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರರು, ತಮ್ಮಲ್ಲಿಗೆ ಬರುತ್ತಿದ್ದ ನೆರೆಹೊರೆಯ ಕುಟುಂಬಗಳಲ್ಲಿ ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್, ಮಾನಸಿಕ ರೋಗಗಳು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ, ಅದನ್ನು ವೈದ್ಯಲೋಕದ ಗಮನಕ್ಕೆ ತಂದವರು. ಗೇರುತೋಟಗಳ ಮೇಲೆ 1970ರ ದಶಕದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತವು ಲೋಕಕ್ಕೆ ತಿಳಿಯುವುದರಲ್ಲಿ, ಪತ್ರಕರ್ತ ಶ್ರೀಪಡ್ರೆಯವರ ಬರೆಹಗಳೊಡನೆ ಈ ವೈದ್ಯರ ಅವಲೋಕನದ ಪಾಲೂ ದೊಡ್ಡದು. ಪ್ರತಿಸಲವೂ ಖಾಲಿಯಿದ್ದ ಬೇರೊಬ್ಬ ವೈದ್ಯರ ಹೆಸರಿಗೆ ಟೋಕನ್ ಬೀಳುವ ಏರ್ಪಾಡಿನಲ್ಲಿ ಇಂಥ ಅವಲೋಕನವು ಅಸಾಧ್ಯವಲ್ಲದಿದ್ದರೂ ಬಹಳ ಕಷ್ಟ. ಬುಕಿಂಗಿನ ತಂತ್ರಗಳನ್ನು ರೂಪಿಸುವವರು ‘ಬೇಗ ಸಿಗುವ ವೈದ್ಯರು’ ಎಂಬುದರ ಜೊತೆಗೆ ‘ನನ್ನನ್ನು ಹಿಂದೆ ನೋಡಿದ ವೈದ್ಯರು’ ಎಂಬ ಆಯ್ಕೆಯನ್ನೂ ಎದ್ದುಕಾಣುವಂತೆ ಇಡಬೇಕೆಂದು ನಾನು ಹೇಳುವುದು ಈ ಕಾರಣದಿಂದ.

ಇನ್ನು, ಬುಕ್ ಮಾಡಿ ಬಾರದವರ ವಿಷಯ. ಹರತಾಳದ ದಿನ, ಜಡಿಮಳೆಯ ದಿನ, ಅಥವಾ ಮಧ್ಯಾಹ್ನದ ಗಂಜಿಯೊಡನೆ ಜ್ವರ ತಾನಾಗಿ ಇಳಿದ ದಿನ, ಬೆಳಿಗ್ಗೆ ಅಷ್ಟು ಪ್ರಯಾಸಪಟ್ಟು ಪಡೆದ ನಂಬರು ಯಾರಿಗೂ ಹೇಳದೆ ಅನಾಥವಾಗುತ್ತದೆ. ಇಬ್ಬರು ವೈದ್ಯರಲ್ಲಿ ಬುಕ್ ಮಾಡಿಟ್ಟು ಬೇಗ ಬಂದ ಸರದಿಯನ್ನು ಹಿಡಿಯುವ ಜಾಣರೂ ಇದ್ದಾರೆ. ಕೆಲವರು ಬಾರರೆಂಬುದು ಗೊತ್ತಿರುವುದರಿಂದಲೇ ಕ್ಲಿನಿಕ್ಕಿನವರು ನೋಡಲಾಗುವುದಕ್ಕಿಂತ ಹೆಚ್ಚು ನಂಬರುಗಳನ್ನು ಕೊಡುತ್ತಾರೆ. ಎಲ್ಲರೂ ಬಂದುಬಿಟ್ಟ ಸಂಜೆ ಕಾಯುವಿಕೆ ರಾತ್ರಿ ಹತ್ತಕ್ಕೆ ಮುಟ್ಟುತ್ತದೆ. ಹಾಗೆ ಕಾದು ಬೇಸತ್ತವರು ಮುಂದಿನ ಸಲ ಎರಡು ಕಡೆ ಬುಕ್ ಮಾಡುತ್ತಾರೆ. ಈ ಚಕ್ರವನ್ನು ಕ್ಲಿನಿಕ್ಕಿನ ಕಡೆಯಿಂದ ಮುರಿಯಬೇಕಾದರೆ ಮೂರು ಗಂಟೆಯ ಹೊತ್ತಿಗೆ ಬುಕ್ ಮಾಡಿದವರಿಗೆಲ್ಲ ಒಂದು ವಾಟ್ಸ್ಯಾಪ್ ಸಂದೇಶ ಕಳುಹಿಸಿ ಬರುವಿರೋ ಇಲ್ಲವೋ ಎಂದು ಕೇಳಿದರೆ ಸಾಕು. ರೋಗಿಯ ಕಡೆಯಿಂದಾದರೆ ‘ಇವತ್ತು ಬರುವುದಿಲ್ಲ, ನಂಬರು ಬೇರೆಯವರಿಗೆ ಕೊಡಿ’ ಎಂಬ ಒಂದು ಕರೆ.